ಮೂರನೇ ಗುಂಪು

ಸ್ಟೀಲ್ ಡಬ್ಬಿಯೊಳಗೆ ಚೀಟಿ ಮಡಚಿ ಹಾಕಿ
ಕುಲುಕಿದರು ಫ್ಲೋರಿನ್ ಮೇಡಂ.
ಒಂದು ಬಂದವರಿಗೆ ಬೆಳಿಗ್ಗೆ ಆರಕ್ಕೆ
ನೆಹರೂ ಕ್ರೀಡಾಂಗಣ, ಐದು ಸುತ್ತು ಓಟ.
ಎರಡು ಬಂದವರಿಗೆ ಸೆಮಿನಾರ್ ಹಾಲ್,
ಇಪ್ಪತ್ತು ನಿಮಿಷ ಕಣ್ಣು ಮುಚ್ಚಿ ಉಸಿರಿನ ಕಾವಲು.
ನನಗೆ ಮೂರು.

"ಮೂರು ಅಂದ್ರೆ ಏನ್ಮಾಡ್ಬೇಕು ಮೇಡಂ?"
"ಏನೂ ಇಲ್ಲಮ್ಮ. ಹೇಗಿದ್ದೀಯೋ ಹಾಗೇ ಇರು.
ನೀನು ಬದಲಾಗದೆ ಇದ್ರೇನೇ
ಅವರು ಬದಲಾದ್ರೋ ಇಲ್ವೋ ಅಂತ ಗೊತ್ತಾಗೋದು."

ಹೇಗಿದ್ದೆ ನಾನು?
ಹಾಲ್ ಟಿಕೆಟ್ ಇದೆಯೇ ಎಂದು
ಬ್ಯಾಗಿನ ಜಿಪ್ಪು ನಾಲ್ಕು ಸಲ ಎಳೆಯುವವಳು.
ವೈವಾ ದಿನ ಉಪ್ಪಿಟ್ಟು ಕಂಡರೆ ಹೊಟ್ಟೆ ತೊಳಸುವವಳು.
ರಾತ್ರಿ ಎರಡೂ ಮುಕ್ಕಾಲಿಗೆ ಯಾರೋ ಕರೆದ ಹಾಗೆ ಎದ್ದು
ಎದೆಯೊಳಗೆ ಒನಕೆ ಬೀಳುವುದನ್ನು ಎಣಿಸುವವಳು.
ಬಯೋಕೆಮಿಸ್ಟ್ರಿಯಲ್ಲಿ ಎರಡು ಸಲ ಡುಮ್ಕಿ.
ಹೀಗೇ ಇರಬೇಕಂತೆ,
ಎಂಟು ವಾರ, ಶಿಸ್ತಾಗಿ.

ಶನಿವಾರಕ್ಕೊಮ್ಮೆ ಗುಲಾಬಿ ಹಾಳೆ:
ಕಳೆದ ವಾರ ಕಾರಣವಿಲ್ಲದೆ ಕೈ ನಡುಗಿತೇ?
ಸೊನ್ನೆ, ಒಂದು, ಎರಡು, ಮೂರು.
ಸರಿಯಾದುದಕ್ಕೆ ಸುತ್ತು ಹಾಕಿ.
ಸುತ್ತು ಹಾಕುವಾಗಲೇ ನಡುಗುತ್ತಿತ್ತು.
ಅದನ್ನು ಕಳೆದ ವಾರಕ್ಕೆ ಸೇರಿಸುವುದೋ,
ಬರುವ ವಾರಕ್ಕೋ?

ಭದ್ರಾವತಿಯ ಆಯಿಷಾ ಒಂದನೇ ಗುಂಪು.
ಮೊದಲ ವಾರ ಮಂಚ ಹಿಡಿದುಕೊಂಡು ಇಳಿಯುತ್ತಾ
ಚೀಟಿ ಬರೆದ ಕೈಗೆ, ಡಬ್ಬಿಗೆ, ಡಬ್ಬಿ ಮಾಡಿದವನಿಗೆ
ಶಾಪ ಹಾಕಿದಳು.
ತುಂಗೆಯ ಕಡೆಯಿಂದ ಇಬ್ಬನಿ ಬಂದು
ಆಚೆ ತಿರುವು ಕಾಣುವುದೇ ಇಲ್ಲವಂತೆ;
ಕಾಣದ್ದಕ್ಕೇ ಓಡಬಹುದಂತೆ.
ನಾಲ್ಕನೆಯ ವಾರ ಬೆವರು ನಾರುತ್ತಾ, ಏನೋ ಗುನುಗುತ್ತಾ ಬಂದು
ನನ್ನ ಪಾಲಿನ ಇಡ್ಲಿಯನ್ನೂ ತಿಂದಳು.
ರಾತ್ರಿ ಹತ್ತಕ್ಕೆಲ್ಲ
ಪುಸ್ತಕ ಮುಖದ ಮೇಲೆ, ಗೊರಕೆ ಪುಸ್ತಕದ ಕೆಳಗೆ.

ಕುಸುಮಾಕ್ಷಿಗೆ ಎರಡು.
"ಕಣ್ಣು ಮುಚ್ಚಿದ್ರೆ ಸಾಕು ಕಣೇ,
ಆಡದೆ ಉಳಿದ ಜಗಳ ಎಲ್ಲ ಸಾಲಾಗಿ ಬಂದು ಕೂರ್ತವೆ"
ಎಂದು ಅತ್ತಳು. ಬಿಡ್ತೀನಿ ಅಂದಳು. ಬಿಡಲಿಲ್ಲ.
ಆರನೆಯ ವಾರ ಲ್ಯಾಬಿನಲ್ಲಿ ಪಿಪೆಟ್ ಬಿದ್ದು ಒಡೆದಾಗ
ಬೈಗುಳ ಬರುವ ಮೊದಲೇ ಪೊರಕೆ ತಂದಿದ್ದಳು.
ಅಷ್ಟೇ.
ದೊಡ್ಡ ಬೆಳಕೇನೂ ಕಾಣಲಿಲ್ಲವಂತೆ.

ನಾನು ನಿಯಮದಂತೆ ಇದ್ದೆ.
ಒಂದು ರಾತ್ರಿ ಮಾತ್ರ, ಒನಕೆ ನಿಲ್ಲದೆ,
ಟ್ಯಾಂಕು ತುಂಬಿತೇ ನೋಡಿ ಬರುತ್ತೇನೆ ಎಂದು
ನನಗೆ ನಾನೇ ಸುಳ್ಳು ಹೇಳಿಕೊಂಡು
ಹಾಸ್ಟೆಲ್ ಮಹಡಿ ಹತ್ತಿದೆ. ಅರವತ್ತೆಂಟು ಮೆಟ್ಟಿಲು.
ಇಳಿದೆ. ಸರಿಯಾಗಿ ನೋಡಿದೆನೇ ಎಂದು ಮತ್ತೆ ಹತ್ತಿದೆ.
ಏಳನೆಯ ಸಲ ಟ್ಯಾಂಕಿನ ಗೋಡೆಗೆ ಬೆನ್ನು ಕೊಟ್ಟು ಕೂತಾಗ
ನಲ್ಲಿ ತೊಟ್ಟಿಕ್ಕುತ್ತಿತ್ತು.
ಹನಿಗೂ ಹನಿಗೂ ನಡುವೆ
ಒಂದು ಉಸಿರು ಹಿಡಿಸುವಷ್ಟು ಜಾಗ.
ಕೆಳಗೆ ಸವಳಂಗ ರಸ್ತೆಯಲ್ಲಿ ಹಾಲಿನ ಲಾರಿ ಹೋಯಿತು.
ನನ್ನನ್ನು ಯಾರೂ ಕರೆದಿರಲಿಲ್ಲ.

ಮರುದಿನವೂ ಟ್ಯಾಂಕು ನೋಡಬೇಕಾಯಿತು.
ಅದರ ಮರುದಿನವೂ.
ಆ ಟ್ಯಾಂಕಿಗೆ ಇಷ್ಟು ನಿಗಾ ಎಂದೂ ಸಿಕ್ಕಿರಲಿಲ್ಲ.

ಎಂಟನೆಯ ಶನಿವಾರ.
ವ್ಯಾಯಾಮ ಮಾಡಿದಿರಾ? ಇಲ್ಲ.
ಧ್ಯಾನ? ಇಲ್ಲ.
ಕೈ ನಡುಗಿತೇ?
ಪೆನ್ನು ಮೂರರ ಮೇಲೆ ತುಸು ಹೊತ್ತು ನಿಂತು
ಒಂದಕ್ಕೆ ಸುತ್ತು ಹಾಕಿತು.

ಗೋಡೆಯ ಮೇಲೆ ಮೇಡಂ ತೋರಿಸಿದರು ಗೆರೆಗಳನ್ನು.
ಮೊದಲೆರಡು ಇಳಿಜಾರು. ನಮ್ಮದು ಚಪ್ಪಟೆ.
"ಇಲ್ಲೊಬ್ಬರು ಮಾತ್ರ ಯಾಕೋ ಕೆಳಗೆ ಬಂದಿದ್ದಾರೆ"
ಎಂದು ಕಡ್ಡಿಯಿಂದ ಒಂದು ಚುಕ್ಕಿಯನ್ನು ತಟ್ಟಿ
ಕನ್ನಡಕ ಏರಿಸಿ ನಮ್ಮನ್ನೆಲ್ಲ ನೋಡಿದರು.
ನಾನು ಉಗುರು ನೋಡಿಕೊಂಡೆ.
ಬೆಳೆದಿತ್ತು. ಕಚ್ಚುವುದು ಯಾವಾಗ ಮರೆತೆನೋ.

ಸೋಮವಾರ ಬಯೋಕೆಮಿಸ್ಟ್ರಿ.
ಭಯ ಹೋಗಿದೆ ಎಂದರೆ ಸುಳ್ಳಾದೀತು.
ರಾತ್ರಿ ಅದೂ ನನ್ನ ಜೊತೆಗೇ ಮೆಟ್ಟಿಲು ಹತ್ತುತ್ತದೆ.
ಮೂರನೆಯ ಮಹಡಿಯಲ್ಲಿ ಅದಕ್ಕೇ ಮೊದಲು ಏದುಸಿರು.
ಕಟಾಂಜನ ಹಿಡಿದು "ಸ್ವಲ್ಪ ತಡಿಯೇ" ಅನ್ನುತ್ತದೆ.
ಒಂದೊಂದು ಸಲ
ಕಾಯುತ್ತೇನೆ.